ಮುಂದಿನ ಸಾಲು

ಎಲ್ಲಾ ಶುರುವಾದದ್ದು ಫೋಟೋದವನ ಒಂದು ಮಾತಿನಿಂದ. ಸಂಜೆಯ ಕಾರ್ಯಕ್ರಮದ ಸುದ್ದಿ ಪೇಪರಿಗೆ ಕೊಡಬೇಕೆಂದು ಚನ್ನಪಟ್ಟಣದ ಹಿರಿಯರ ಗಾನಮಂಡಳಿಯ ಇಪ್ಪತ್ತು ಮಂದಿಯನ್ನು ಬೆಳಿಗ್ಗೆ ಬಯಲಲ್ಲಿ ನಿಲ್ಲಿಸಿದ್ದರು. ಅವನು ಕ್ಯಾಮೆರಾಕ್ಕೆ ಕಣ್ಣಿಟ್ಟು, "ಗಂಗಯ್ಯನೋರೆ, ನೀವ್ ಒಸಿ ಹಿಂದಕ್ಕೋಗಿ. ಮುಂದ್ಗಡೆ ಬೆಳಕು ಸಾಲ್ದು" ಅಂದ. ಬಿಸಿಲು ನೆತ್ತಿ ಸುಡುತ್ತಿತ್ತು. ಬೆಳಕು ಯಾರ ಮುಖಕ್ಕೆ ಸಾಲದು ಎಂಬುದು ಎಲ್ಲರಿಗೂ ಗೊತ್ತಾಯಿತು. ಗಂಗಯ್ಯ ಹಿಂದಕ್ಕೆ ಹೋಗಿ ನಿಂತ.

ಅರವತ್ತೆಂಟು ವರ್ಷದಲ್ಲಿ ಅವನು ಹೀಗೆ ಹಿಂದೆ ನಿಂತ ಫೋಟೋಗಳು ಒಂದೆರಡಲ್ಲ. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತೂಕ ಹಾಕಿ ನಿವೃತ್ತನಾದ ದಿನ, ಹಾರ ಹಾಕಿಸಿಕೊಂಡವನೇ ಹಿಂದಿನ ಸಾಲಿನಲ್ಲಿದ್ದ. ಮೈಯ ಕಪ್ಪು ಬಣ್ಣ ಅವ್ವನಿಂದ ಬಂದದ್ದು. ಅವ್ವ ದೊಡ್ಡಲಕ್ಷ್ಮಮ್ಮ ಬೈರಾಪಟ್ಟಣದ ಸುತ್ತಮುತ್ತಲ ಮದುವೆಗಳಿಗೆಲ್ಲ ಸೋಬಾನೆ ಹೇಳಿದವಳು. ಆರತಿ ತಟ್ಟೆ ಹಿಡಿದು ಮುಂದೆ ನಿಲ್ಲುತ್ತಿದ್ದವರು ಬೆಳ್ಳಗಿನ ಹೆಂಗಸರು. ಅವ್ವನ ದನಿ ಮಾತ್ರ ಚಪ್ಪರದ ಕಂಬದ ಹಿಂದಿನಿಂದ ಬರಬೇಕು.

ಈ ಸಲದ ಕಾರ್ಯಕ್ರಮ ಅಮೆರಿಕದ ಕಪ್ಪು ಜನಾಂಗದ ಹಾಡುಗಾರ್ತಿಯರ ಗೌರವಕ್ಕೆ. ಹಾಡು ಕಲಿಸುವ ವರಲಕ್ಷ್ಮಮ್ಮ ನಿವೃತ್ತ ಮುಖ್ಯೋಪಾಧ್ಯಾಯಿನಿ. ಆ ಧಾಟಿಗಳಿಗೆ ತಾವೇ ಕನ್ನಡದ ಮಾತು ಕೂರಿಸಿದ್ದರು. "ಹೋಟ್ಲಿನ ಮುಂಬಾಗಿಲಲ್ಲಿ ಅವರ ಹೆಸರಿನ ಬೋರ್ಡು, ಅವರು ಒಳಗೆ ಹೋಗ್ಬೇಕಾದ್ರೆ ಹಿಂಬಾಗಿಲು. ಆದ್ರೂ ಹಾಡಿದ್ರು ಕಣ್ರೀ" ಎಂದು ಕಲಿಸುವಾಗ ಹೇಳಿದ್ದರು. ಗಂಗಯ್ಯನಿಗೆ ಚಪ್ಪರದ ಕಂಬ ನೆನಪಾಗಿತ್ತು. ಒಂದೇ ಒಂದು ಹಾಡನ್ನು ಮುಂದಿನ ಸಾಲಿನಲ್ಲಿ ನಿಂತು ಹಾಡಬೇಕು, ಅವ್ವನಿಗೆ ಸಿಗದ ಜಾಗ ತನಗಾದರೂ ಸಿಗಬೇಕು ಎಂಬ ಆಸೆ ಅವತ್ತೇ ಹತ್ತಿಕೊಂಡಿತು. ಹೋದ ವಾರ ಮೇಡಂ ಯಾತಕ್ಕೋ ಅವನ ಮನೆಯ ಹಳೇ ಮದುವೆ ಫೋಟೋ ಕೇಳಿ ಒಯ್ದಿದ್ದರು. ಅದರಲ್ಲೂ ಅವ್ವ ಕಂಬದ ಹಿಂದೆಯೇ ಇದ್ದಳು, ಮುಖವಷ್ಟೇ ಹೊರಗೆ. ಮುಂದಿನ ಸಾಲು ಯಾರದೆಂದು ಕೇಳಿದರೆ, "ಸ್ಟೇಜ್ ಮೇಲೇ ಹೇಳ್ತೀನಿ" ಎಂದಿದ್ದರು.

ಇನ್ನು ತಡಮಾಡಿದರೆ ಆಗದೆಂದು ಗಂಗಯ್ಯ ಮಧ್ಯಾಹ್ನ ಪೌರಾಣಿಕ ನಾಟಕಗಳಿಗೆ ಬಣ್ಣ ಹಾಕುವ ಮುನಿಶಾಮಯ್ಯನ ಮನೆಗೆ ಹೋದ.

"ಒಸಿ ಬೆಳ್ಳಗ್ ಮಾಡ್ಲಾ. ಯಾರ್ಗೂ ಗೊತ್ತಾಗ್ಬಾರ್ದು."

"ಯಾವ್ ಪಾತ್ರ?"

"ಪಾತ್ರ ಇಲ್ಲ ಕಣ್ಲಾ. ನಾನೇ."

ಮುನಿಶಾಮಯ್ಯನ ನಲವತ್ತು ವರ್ಷದ ಕಸುಬಿನಲ್ಲಿ ಇಂಥ ಪಾತ್ರ ಬಂದಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಒಂದೇ ಅಳತೆ: ಕೊನೇ ಚಾಪೆಯಲ್ಲಿ ಕೂತವನಿಗೂ ಧರ್ಮರಾಯ ಕಾಣಬೇಕು. "ಅರ್ಧ ಬಣ್ಣ ಲೈಟೇ ತಿಂದ್ಬುಡ್ತದೆ, ಸುಮ್ಕೆ ಕೂತ್ಕೊ" ಎಂದು ಎಣ್ಣೆಯಲ್ಲಿ ಕಲಸಿದ ಬಿಳಿ ಬಳಿದು, ಮೇಲೆ ಗುಲಾಬಿ ಬಳಿದು, ಪೌಡರು ಒತ್ತಿ ಕಳಿಸಿದ.

ಮನೆ ಬಾಗಿಲು ತೆಗೆದ ಹೆಂಡತಿ ಚಿನ್ನಮ್ಮ, "ಯಾರಪ್ಪ? ಅವ್ರು ಮನೇಲಿಲ್ಲ" ಎಂದು ಮತ್ತೆ ಹಾಕಲು ಹೋದಳು.

"ನಾನೇ ಕಣೇ!"

ಚಿನ್ನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ಕುಸಿದಳು. ನಗು ಮುಗಿದ ಮೇಲೆ ಮೆಲ್ಲಗೆ, "ಅತ್ತೆ ಇದ್ದಿದ್ರೆ ಏನಂದಿರೋರು?" ಅಂದಳು. ಗಂಗಯ್ಯ ಕನ್ನಡಿ ನೋಡಿಕೊಂಡ; ಬಚ್ಚಲಿಗೆ ಓಡಿದ. ಸೋಪು ಹಾಕಿ ತೊಳೆದರೆ ನೀರು ಕೆಸುವಿನ ಎಲೆಯ ಮೇಲೆ ಬಿದ್ದಂತೆ ಜಾರಿತು.

ಗದ್ದಲ ಕೇಳಿ ಪಕ್ಕದ ಮನೆಯ ಮಕ್ಬೂಲ್ ಬಂದ. ಅವನು ಮರದ ಗೊಂಬೆ ಮಾಡುವವನು. "ಬಣ್ಣದ್ ವಿಸ್ಯ ನನ್ಗೆ ಬುಡಿ ಗಂಗಣ್ಣ" ಎಂದು, ಗೊಂಬೆ ಉಜ್ಜುವ ತಾಳೆಗರಿ ತಂದು ಮುಖ ತಿಕ್ಕತೊಡಗಿದ. ಆ ಕೈಗೆ ಬಣ್ಣ ತೆಗೆದು ರೂಢಿಯಿಲ್ಲ, ಹೊಳಪು ಕೊಟ್ಟು ರೂಢಿ. ಐದು ನಿಮಿಷದಲ್ಲಿ ಗಂಗಯ್ಯನ ಮುಖ ಮಿರಮಿರ ಮಿಂಚಿತು.

"ಫಿನಿಷಿಂಗ್ ಚೆಂದಾಗ್ ಬಂದೈತೆ" ಎಂದ ಮಕ್ಬೂಲ್, ತನಗೇ ಆಶ್ಚರ್ಯವಾದವನಂತೆ. ಅಷ್ಟರಲ್ಲಿ ಆಟೋ ಬಂದು ಹಾರನ್ ಹೊಡೆಯಿತು.

ಗಂಗಯ್ಯ ತಲೆಗೆ ಟವೆಲು ಮುಚ್ಚಿಕೊಂಡು ಸೈಡಿನ ಕತ್ತಲಲ್ಲಿ ವೇದಿಕೆ ಹತ್ತಿ, ಹಿಂದಿನ ಸಾಲಿನಲ್ಲಿ ತಾನಾಗಿಯೇ ನಿಂತ. ಇವತ್ತು ಯಾರೂ ಹೇಳಬೇಕಾಗಿರಲಿಲ್ಲ. ವೇದಿಕೆಯ ಮೇಲೆ ಆ ಹಾಡುಗಾರ್ತಿಯರ ದೊಡ್ಡ ದೊಡ್ಡ ಫೋಟೋಗಳು. ಕೊನೆಯದಕ್ಕೆ ಬಟ್ಟೆ ಮುಚ್ಚಿತ್ತು. ಮೂರು ಹಾಡು ಮುಗಿದ ಮೇಲೆ ವರಲಕ್ಷ್ಮಮ್ಮ ಮೈಕು ಹಿಡಿದರು.

"ಇನ್ನೊಬ್ಬ ತಾಯಿ ಇದ್ದಾರೆ. ಇಲ್ಲೇ, ನಮ್ಮ ಬೈರಾಪಟ್ಟಣದವರು. ಜೀವನಪೂರ್ತಿ ಕಂಬದ ಹಿಂದೆ ನಿಂತು ಹಾಡಿದೋರು."

ಬಟ್ಟೆ ಸರಿಯಿತು. ಅವ್ವ! ಮದುವೆ ಫೋಟೋದ ಕಂಬವನ್ನು ಕತ್ತರಿಸಿ ತೆಗೆದು, ಅವ್ವನೊಬ್ಬಳನ್ನೇ ದೊಡ್ಡದು ಮಾಡಿಸಿದ್ದರು. ಇದ್ದ ಬಣ್ಣದಲ್ಲೇ, ಹಾಡುತ್ತ ಬಾಯಿ ತೆರೆದು, ಅವಳು ಸಭೆಯನ್ನು ನೋಡುತ್ತಿದ್ದಳು. ಎಷ್ಟು ಚೆನ್ನಾಗಿದ್ದಳು ಅವ್ವ ಎಂದು ಗಂಗಯ್ಯನಿಗೆ ಮೊದಲ ಬಾರಿಗೆ ಕಂಡಿತು.

"ಇವತ್ತಿನ ಮುಂದಿನ ಸಾಲು ಇವರ ಮಗನೊಬ್ಬನದೇ. ತಾಯಿಯ ಸೋಬಾನೆ ಅವರೇ ಹೇಳ್ತಾರೆ. ಗಂಗಯ್ಯನವರೇ, ಬನ್ನಿ."

ಕಾಲುಗಳು ತಾವಾಗಿ ನಡೆದವು. ಟವೆಲು ಜಾರಿತು. ಲೈಟು ಮುಖದ ಮೇಲೆ ಬಿತ್ತು. ಮುನಿಶಾಮಯ್ಯ ಏನೇ ಹೇಳಿದ್ದರೂ ಅದು ಬಣ್ಣವನ್ನೇನೂ ತಿನ್ನಲಿಲ್ಲ. ಮುಂದಿನ ಕುರ್ಚಿಯಿಂದ ಮಾರಮ್ಮ ಕೋಲೂರಿ ಎದ್ದಳು. ತೊಂಬತ್ತರ ಮುದುಕಿ, ಅವ್ವನ ಜೊತೆ ಸೋಬಾನೆ ಹೇಳುತ್ತಿದ್ದವಳು, ಅವತ್ತಿನ ಅತಿಥಿ.

"ಯಾರಮ್ಮ ಇವ್ನು? ಲಕ್ಷ್ಮಕ್ಕನ ಮಗ್ನ ನಾನೇ ಎತ್ತಾಡ್ಸಿವ್ನಿ. ಅವ್ವನ ತದ್ರೂಪು, ಅವಳ್ದೇ ಬಣ್ಣ. ಯಾರ್‌ಯಾರ್ನೋ ತಂದ್ ನಿಲ್ಲಿಸ್ಬ್ಯಾಡಿ!"

"ನಾನೇ, ಚಿಕ್ಕವ್ವ" ಎನ್ನಹೊರಟ ಗಂಗಯ್ಯ, ಬಿದ್ದ ಟವೆಲು ಎತ್ತಿ ಮುಖ ತಿಕ್ಕಿಕೊಂಡ; ಬಣ್ಣ ಬಿಡಲಿಲ್ಲ. ವರಲಕ್ಷ್ಮಮ್ಮ ಹತ್ತಿರ ಬಂದು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಏನ್ ಮಾಡ್ಕೊಂಡ್ಬಿಟ್ರಿ ಗಂಗಯ್ಯನವರೇ" ಎಂದು ಅವನಿಗಷ್ಟೇ ಕೇಳುವಂತೆ ಅಂದರು; ಅದರಲ್ಲಿ ಬೈಗುಳ ಇರಲಿಲ್ಲ. ಗಂಗಯ್ಯ ತಲೆ ತಗ್ಗಿಸಿ ಹಿಂದಕ್ಕೆ ನಡೆದ.

"ಅವ್ನು ಬರೋಗಂಟ ಲಕ್ಷ್ಮಕ್ಕನ ಪದ ನಾನೇ ಹೇಳ್ತೀನಿ" ಎಂದು ಮಾರಮ್ಮ ಮೈಕಿನ ಮುಂದೆ ನಿಂತಳು. ಸೋಬಾನೆಗೆ ಹಿಂದಿನಿಂದ ಸಾಲು ಮರುಹೇಳಿ ಸೊಲ್ಲು ಹಿಡಿಯುವವರು ಬೇಕು. ಮಂಡಳಿಯವರಿಗೆ ಆ ಪದ ಬರದು. ಪರದೆ ಕಟ್ಟಿದ್ದ ಕಂಬದ ಹಿಂದೆ ನಿಂತಿದ್ದ ಗಂಗಯ್ಯನಿಗೆ ತಡೆಯಲಾಗಲಿಲ್ಲ. ಸೊಲ್ಲು ಹಿಡಿದ.

ಮಾರಮ್ಮ ಹಾಡು ನಿಲ್ಲಿಸಿದಳು. ಅವಳ ಕಣ್ಣು ತುಂಬಿ ಬಂತು.

"ಲಕ್ಷ್ಮಕ್ಕನ ದನಿ! ಮಗ ಬಂದ ಕಣ್ರಮ್ಮ. ಎಲ್ಲವ್ನೆ? ಮುಂದಕ್ ಕರೀರಿ ಅವ್ನ."

ಗಂಗಯ್ಯ ಕಂಬದ ಹಿಂದೆ ಇನ್ನೊಂದಿಷ್ಟು ಸರಿದು ನಿಂತುಕೊಂಡ.