ಬೀರುವಿನೊಳಗೆ ಕೂತ ಗಡಿಯಾರಪ್ಪ

"ಇವತ್ತಿಂದ ನನ್ನ ಮಗಳ ವಿದ್ಯಾಭ್ಯಾಸ ಸೆಕೆಂಡಿನ ಮುಳ್ಳಿನ ಮೇಲೆ ನಡೆಯುತ್ತೆ. ಒಂದು ಟಿಕ್ ಹಿಂದಿಲ್ಲ, ಒಂದು ಟಿಕ್ ಮುಂದಿಲ್ಲ!"

ಊಟದ ಮೇಜು ಗುದ್ದಿ ಹೀಗೆಂದು ಘೋಷಿಸಿದವನು ಗಡಿಯಾರಪ್ಪ. ಬೀದಿಯ ತುದಿಯಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟವನನ್ನು ಜನ ಇನ್ನೇನೆಂದು ಕರೆದಾರು? ಒಂಬತ್ತು ವರ್ಷದ ಮಗಳು ಪಿಟ್ಟೆಯನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸುವುದೆಂದು ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದರು. ಹೇಗೆ ಓದಿಸುವುದು ಅನ್ನುವಲ್ಲಿ ಮಾತ್ರ ಮಹಾಯುದ್ಧ! ಅವನಿಗೆ ವೇಳಾಪಟ್ಟಿ ಬೇಕು. ಮನೆಯಲ್ಲೇ ಬಟ್ಟೆ ಹೊಲಿಯುವ ಅವನ ಹೆಂಡತಿಗೆ ಅದರ ವಾಸನೆಯೇ ಬೇಡ.

"ರೆಡಿಮೇಡ್ ಅಂಗಿ ಎಲ್ರಿಗೂ ಆಗಲ್ಲ ರೀ. ಮಗುವಿನ ಅಳತೆ ನೋಡಿ ಪಾಠ ಕತ್ತರಿಸ್ಬೇಕು. ಅವಳಿಗೇನು ಇಷ್ಟವೋ ಅದನ್ನ ಕಲೀಲಿ."

"ಅವಳಿಗೆ ನಿದ್ದೆ ಇಷ್ಟ ಕಣೇ!"

"ಹಾಗಾದ್ರೆ ನಿದ್ದೆ ಯಾಕೆ ಬರುತ್ತೆ ಅಂತ ಕಲೀಲಿ."

ಜಗಳ ಅತ್ತೆಯ ಕಿವಿಗೆ ಬಿತ್ತು. ಅತ್ತೆ ನಿವೃತ್ತ ಹೆಡ್‌ಮಿಸ್. ಫೋನಿನಲ್ಲೇ ಆಜ್ಞೆ ಹೊರಟಿತು: "ಒಂದು ವಾರ ಅಳಿಯಂದ್ರ ಪದ್ಧತಿ, ಒಂದು ವಾರ ಮಗಳದ್ದು. ಆಮೇಲೆ ಶನಿವಾರ ನಾನೇ ಬಂದು ನೋಡ್ತೀನಿ. ಮಗು ಏನೂ ಕಲಿತಿಲ್ವೋ, ಕರ್ಕೊಂಡು ಹೋಗಿ ನನ್ನ ಹಳೇ ಸ್ಕೂಲಿನ ಹಾಸ್ಟೆಲಿಗೆ ಸೇರಿಸ್ತೀನಿ!"

ಗಡಿಯಾರಪ್ಪನಿಗೋ ಪಿಟ್ಟೆಯಿಲ್ಲದ ಮನೆಯೆಂದರೆ ಮುಳ್ಳಿಲ್ಲದ ಗಡಿಯಾರವೇ.

ಮೊದಲ ವಾರ ಅವನದು. ಕಪಾಟಿನ ಮೇಲೆ ಏಳು ಅಲಾರಂ ಗಡಿಯಾರಗಳು ಸಿಪಾಯಿಗಳಂತೆ ನಿಂತವು. ನಲವತ್ತು ನಿಮಿಷಕ್ಕೊಂದು ಪಿರಿಯಡ್! ಗಂಟೆ ಹೊಡೆದರೆ ಸಾಕು, ಪಿಟ್ಟೆ ಪೆನ್ಸಿಲ್ ಕೆಳಗಿಟ್ಟುಬಿಡುತ್ತಿದ್ದಳು.

"ಲೆಕ್ಕ ಮುಗಿಸೇ!"

"ಗಣಿತದ ಗಂಟೆ ಆಯ್ತಲ್ಲಪ್ಪಾ. ಉತ್ತರ ನಾಳೆ."

ಶುಕ್ರವಾರದ ಹೊತ್ತಿಗೆ ಪುಸ್ತಕದ ತುಂಬ ತಲೆಯಿದ್ದು ಬಾಲವಿಲ್ಲದ ಲೆಕ್ಕಗಳು. ಗಡಿಯಾರಪ್ಪನಿಗೆ ಅನುಮಾನ ಶುರುವಾಯಿತು. ಗಂಟೆ ಬೇಗ ಹೊಡೆಯುವಂತೆ ಹೆಂಡತಿ ಮಾಡಿದ ಒಳಸಂಚು ಇದು!

"ನಿಜ ಹೇಳು, ಮುಳ್ಳು ತಿರುಗಿಸಿದ್ದು ನೀನೇ ತಾನೆ?"

"ನನಗೆ ಸೂಜಿಗೆ ದಾರ ಪೋಣಿಸೋಕೇ ಪುರುಸೊತ್ತಿಲ್ಲ, ನಿಮ್ಮ ಮುಳ್ಳು ಯಾರಿಗೆ ಬೇಕು!"

ಎರಡನೇ ವಾರ ಅವಳದು. "ಪಿಟ್ಟೆ, ಒಂದೇ ಒಂದು ವಿಷಯ ಆರಿಸ್ಕೋ. ಪೂರ್ತಿ ತಿಳ್ಕೋ" ಅಂದಳು. ಪಿಟ್ಟೆ ಅಮ್ಮನ ಕಿವಿಯಲ್ಲಿ ಏನೋ ಉಸುರಿದಳು. ಇಬ್ಬರೂ ಕಿಸಕ್ಕೆಂದರು.

"ಏನದು ವಿಷಯ?"

"ಹೇಳಲ್ಲಪ್ಪಾ. ನಿಂಗೆ ಗೊತ್ತಾದ್ರೆ ಕೆಟ್ಟುಹೋಗುತ್ತೆ."

ಇಷ್ಟು ಸಾಕಲ್ಲ ಅನುಮಾನದ ಹೊಟ್ಟೆ ಉಬ್ಬೋದಕ್ಕೆ! ಅಂಗಡಿಗೆ 'ಈಗ ಬಂದೆ' ಬೋರ್ಡು ತೂಗುಹಾಕಿ ಗಡಿಯಾರಪ್ಪ ಪತ್ತೇದಾರನಾದ. ನಲವತ್ತು ನಿಮಿಷದ ಚಾಳಿ ಎಲ್ಲಿ ಹೋಗುತ್ತೆ? ಅಷ್ಟಷ್ಟು ಹೊತ್ತಿಗೇ ಬಂದು ಇಣುಕಿ ಗುಟ್ಟಿನ ಡೈರಿಯಲ್ಲಿ ಬರೆದುಕೊಂಡ: '10.10, ಕಿಟಕಿ: ಸುಮ್ಮನೆ ಕೂತಿದ್ದಾಳೆ. ಕಲಿಕೆ ಸೊನ್ನೆ. 10.50, ಹಿತ್ತಲ ಬಾಗಿಲು: ಮಂಚದ ಕೆಳಗಿದ್ದಾಳೆ. ಕಲಿಕೆ ಸೊನ್ನೆ. 11.30, ಕಿಟಕಿ: ಒಬ್ಬಳೇ ನಗುತ್ತಿದ್ದಾಳೆ. ಕಲಿಕೆ ಸೊನ್ನೆ, ಚಿಂತೆ ನೂರು.'

ಗುರುವಾರ ಹತ್ತಿರದಿಂದಲೇ ನೋಡಿಬಿಡೋಣವೆಂದು ಗಿರಾಕಿಗಳ ಬಟ್ಟೆ ತೂಗುವ ಬೀರುವಿನೊಳಗೆ ಹೊಕ್ಕ. ಜೇಬಿನಲ್ಲಿ ಆಗಷ್ಟೇ ರಿಪೇರಿಯಾದ ಪುಟ್ಟ ಅಲಾರಂ ಗಡಿಯಾರ. ರಿಪೇರಿ ಬಹಳ ಚೆನ್ನಾಗಿ ಆಗಿತ್ತು! ಕಿಣಿಕಿಣಿಕಿಣಿ ಎಂದು ಅದು ಬಾಯಿಬಿಟ್ಟಾಗ, ಅಳತೆ ಕೊಡಲು ಬಂದಿದ್ದ ನರ್ಸಮ್ಮ ಕಿಟಾರನೆ ಕಿರುಚಿದರು. ಬಾಗಿಲು ತೆರೆದುಕೊಂಡಿತು. ಗಡಿಯಾರಪ್ಪ ಯಾರದೋ ಲಂಗವನ್ನು ಕಿರೀಟವಾಗಿ ಧರಿಸಿ ನೆಲಕ್ಕುರುಳಿದ.

"ಏನ್ರೀ, ಪಿರಿಯಡ್ ಬದಲಾಯ್ತಾ?" ಅಂದಳು ಹೆಂಡತಿ.

ಶನಿವಾರ ಅತ್ತೆಯ ಚೀಲ ಜಗಲಿಗೆ ಬಂದಾಗಲೇ ಅವನಿಗೆ ಹೊಳೆದದ್ದು. ಅಯ್ಯೋ! ಹೆಂಡತಿಯ ವಿರುದ್ಧ ಕೂಡಿಟ್ಟ ಈ ಸೊನ್ನೆಗಳೆಲ್ಲ ಮಗಳನ್ನೇ ಹಾಸ್ಟೆಲಿಗೆ ಅಟ್ಟುತ್ತವಲ್ಲ! ಡೈರಿಯನ್ನು ಕುರ್ಚಿಯ ಮೇಲೆ ಹಾಕಿ ಅದರ ಮೇಲೇ ಕೂತ.

"ಏನು ಕಲಿತೆ ಪಿಟ್ಟೆ?" ಅತ್ತೆ ಕನ್ನಡಕ ಏರಿಸಿದರು.

ಪಿಟ್ಟೆ ದೊಡ್ಡ ಹಾಳೆ ಬಿಚ್ಚಿ ಓದಿದಳು: "ವಿಷಯ: ನಮ್ಮ ಮನೆ ಸುತ್ತ ಸುಳಿಯುವ ಒಂದು ಪ್ರಾಣಿ. ಇದು ನಲವತ್ತು ನಿಮಿಷಕ್ಕೊಮ್ಮೆ ಬರುತ್ತದೆ. ದಿನಕ್ಕೆ ಸರಾಸರಿ ಆರು ಸಲ. ನಾವು ನೋಡಿದರೆ ಗಿಡ ನೋಡುವಂತೆ ನಟಿಸುತ್ತದೆ. ಗುರುವಾರ ಬೀರುವಿನಲ್ಲಿ ಗೂಡು ಮಾಡಲು ಹೋಯಿತು. ಗಾಬರಿಯಾದರೆ ಕಿಣಿಕಿಣಿ ಎನ್ನುತ್ತದೆ."

ಕೆಳಗೆ ದಿನವಾರು ಗ್ರಾಫು, ಸಮಯದ ಪಟ್ಟಿ, ಮಂಚದ ಕೆಳಗಿಂದ ಕಂಡ ಎರಡು ಪಾದಗಳ ಚಿತ್ರ.

ಅತ್ತೆಯ ಹುಬ್ಬು ಗಂಟಾಯಿತು. "ಮೂವತ್ತು ವರ್ಷ ಕಾಪಿ ಹಿಡಿದವಳು ನಾನು. ಇದನ್ನ ನಿಮ್ಮಮ್ಮ ಕಟ್ಟಿ ಬರೆಸಿದ್ದಲ್ಲ, ನೀನೇ ನೋಡಿ ಬರೆದದ್ದು ಅನ್ನೋದಕ್ಕೆ ಏನೇ ಸಾಕ್ಷಿ? ಹೊರಡು, ಬಟ್ಟೆ ತುಂಬ್ಕೋ."

ಪಿಟ್ಟೆ ಅಮ್ಮನ ಸೆರಗು ಹಿಡಿದುಕೊಂಡಳು. ಹೆಂಡತಿ ಗಂಡನ ಮುಖ ನೋಡಿದಳು. ಸಾಕ್ಷಿ ಇತ್ತು. ಇಡೀ ಮನೆಯಲ್ಲಿ ಒಂದೇ ಒಂದು ಇತ್ತು. ಅದರ ಮೇಲೆ ಗಡಿಯಾರಪ್ಪ ಕೂತಿದ್ದ!

ನಿಧಾನಕ್ಕೆ ಎದ್ದ. ಬೆಚ್ಚಗಾಗಿದ್ದ ಡೈರಿಯನ್ನು ಎರಡೂ ಕೈಯಲ್ಲಿ ಹಿಡಿದು ಒಪ್ಪಿಸಿದ.

ಅತ್ತೆ ಪಿಟ್ಟೆಯ ಪಟ್ಟಿಯನ್ನೂ ಡೈರಿಯನ್ನೂ ಕೆಂಪು ಪೆನ್ನಿನಲ್ಲಿ ತಾಳೆ ನೋಡಿದರು. ಹತ್ತು ಹತ್ತು, ಸರಿ. ಹತ್ತು ಐವತ್ತು, ಸರಿ. ಹನ್ನೊಂದೂವರೆ, ಸರಿ. ಒಂದು ಟಿಕ್ ಹಿಂದಿಲ್ಲ, ಒಂದು ಟಿಕ್ ಮುಂದಿಲ್ಲ!

"ಪಿಟ್ಟೆ ಪಾಸು. ಹಾಸ್ಟೆಲ್ ಬೇಡ. ಅವಳು ಅವರಮ್ಮನ ಪದ್ಧತೀಲೇ ಕಲೀಲಿ" ಅಂದರು ಅತ್ತೆ. "ವೇಳಾಪಟ್ಟಿ ಅಳಿಯಂದ್ರಿಗೆ ಹಾಕಿ."

ಪಿಟ್ಟೆ ಓಡಿಬಂದು ಅಪ್ಪನ ಕುತ್ತಿಗೆಗೆ ಜೋತುಬಿದ್ದಳು.

"ಅಪ್ಪಾ, ಸೋಮವಾರ ಹತ್ತು ಹತ್ತಕ್ಕೆ ತಪ್ಪದೆ ಕಿಟಕಿ ಹತ್ರ ಬಾ. ಏನಾದ್ರೂ ತಿನ್ಕೊಂಡು ಬಾ. ಆಹಾರದ ಅಧ್ಯಾಯ ಇನ್ನೂ ಬಾಕಿ ಇದೆ."