ಎಡಗೈ ಎಲ್ಲಿತ್ತು?

ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಹುಡುಗಿಯರಿಗೆ ಈಜು ಕಲಿಸುವುದು ನನ್ನ ಕೆಲಸ. ಕೊಳದ ಬದಿಯಲ್ಲಿ ಸೀಟಿ ಊದುತ್ತಲೇ ಅರ್ಧ ಆಯುಷ್ಯ ಕಳೆಯಿತು. ನಗುವ ಸಂಗತಿಗಳನ್ನು ನಾನು ಹುಡುಕಿಕೊಂಡು ಹೋಗುವುದಿಲ್ಲ ಮಾರಾಯ್ರೆ, ಅವೇ ಒದ್ದೆ ಕಾಲಲ್ಲಿ ನನ್ನ ಹತ್ತಿರ ಬರುತ್ತವೆ. ಮೊದಲನೆಯದು ಮಾತ್ರ ನನ್ನದೇ.

೧. ರೆಫ್ರಿಯ ಪುಸ್ತಕ

ನಾನು ಈಜು ಕಲಿತದ್ದು ಬಂಟ್ವಾಳದ ಹತ್ತಿರ, ದೇವಸ್ಥಾನದ ಕೆರೆಯಲ್ಲಿ. ಅಜ್ಜಿಯದ್ದು ಒಂದೇ ಕಟ್ಟಳೆ: ದಡ ಸೇರಿದ ಕೂಡಲೇ ಬಲಗೈಯಲ್ಲಿ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಎಡಗೈ ತಾಗಿದರೆ ಮನೆಯಲ್ಲಿ ಸೌಟಿನ ಏಟು.

ಇಪ್ಪತ್ತನೇ ವಯಸ್ಸಿನಲ್ಲಿ ವಿದೇಶದ ಸ್ಪರ್ಧೆಗೆ ಆಯ್ಕೆ ನಡೆಯಿತು. ನನ್ನದು ಬ್ರೆಸ್ಟ್‌ಸ್ಟ್ರೋಕ್. ಅದರಲ್ಲಿ ಎರಡೂ ಕೈ ಒಟ್ಟಿಗೆ ಗೋಡೆಗೆ ತಾಗಬೇಕು, ಇಲ್ಲವಾದರೆ ಅನರ್ಹ. ನಿಯಮ ನನಗೆ ಗೊತ್ತಿತ್ತು, ಅಭ್ಯಾಸದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಆ ದಿನ ಎಲ್ಲರಿಗಿಂತ ಮುಂದೆ ಬಂದ ಖುಷಿಯಲ್ಲಿ ಕೈ ಅಜ್ಜಿಯ ಮಾತು ಕೇಳಿತು. ಬಲಗೈಯಲ್ಲಿ ಗೋಡೆ ಮುಟ್ಟಿದೆ, ಕಣ್ಣಿಗೊತ್ತಿಕೊಂಡೆ.

"ಎಡಗೈ ಎಲ್ಲಿತ್ತಮ್ಮಾ?" ರೆಫ್ರಿ ಕೇಳಿದರು.

ದೇವರಿಗೆ ಎಡಗೈ ತಾಗಿಸುವ ಕ್ರಮ ಇಲ್ಲ ಸರ್ ಎಂದೆ. ಪಾಪ, ಒಳ್ಳೆಯ ಮನುಷ್ಯ. ನಿಯಮದ ಪುಸ್ತಕ ತೆಗೆದು ಹಿಂದೆ ಮುಂದೆ ಮಗುಚಿ ನೋಡಿದರು. ಅದರಲ್ಲಿ ದೇವರ ವಿಷಯ ಎಲ್ಲಿಯೂ ಇರಲಿಲ್ಲ.

ಆಗ ಮಾಡಿಸಿದ ಪಾಸ್‌ಪೋರ್ಟ್ ಒಂದು ಸೀಲೂ ಕಾಣದೆ ಮುದಿಯಾಯಿತು. ಈಗಲೂ ಕಪಾಟಿನಲ್ಲಿ ಉಂಟು. ಸೀರೆ ತೆಗೆಯುವಾಗಲೆಲ್ಲ ಒಮ್ಮೆ ಬಿಡಿಸಿ ನೋಡ್ತೇನೆ.

೨. ಕಪ್ಪೆಯ ವಿದ್ಯೆ

ಬೆಳ್ತಂಗಡಿ ಕಡೆಯ ಒಬ್ಬಳು ಹುಡುಗಿ ಕಾಲೇಜಿಗೆ ಬಂದಳು. ಮೊದಲ ದಿನವೇ ಕೊಳದ ತುದಿಗೆ ಬಾಣದಂತೆ ಬಂದು ಬಲಗೈಯಲ್ಲಿ ಗೋಡೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಕರೆದು ವಿಚಾರಿಸಿದೆ. ಇವಳ ಮನೆಯಲ್ಲಿಯೂ ಒಬ್ಬರು ಅಜ್ಜಿ ಇದ್ದರು. ಇವಳನ್ನಾದರೂ ದಾಟಿಸಬೇಕು ಎಂದು ಅಂದೇ ನಿಶ್ಚಯ ಮಾಡಿದೆ.

ಮಗಳ ಈಜು ನೋಡಲು ಅವಳ ಅಮ್ಮ ಬಂದರು. ಕಾಲು ಅಗಲಿಸಿ ಒದೆಯುವುದನ್ನು ತುಂಬ ಹೊತ್ತು ನೋಡಿ ಹೇಳಿದರು, "ಇದಕ್ಕೆ ಇಷ್ಟು ದೂರ ಬರಬೇಕಿತ್ತಾ ಟೀಚರ್? ನಮ್ಮ ತೋಟದ ಟ್ಯಾಂಕಿಯಲ್ಲಿ ಕಪ್ಪೆಗಳು ಇದಕ್ಕಿಂತ ಚಂದ ಮಾಡ್ತವೆ."

ಮಗಳು ನೀರಿನಿಂದಲೇ, "ಅವುಗಳನ್ನು ನೋಡಿಯೇ ಕಲಿತದ್ದಮ್ಮ," ಎಂದಳು.

೩. ಎರಡು ಕೈಯ ವ್ರತ

ಒಂದೇ ಕೈಯಲ್ಲಿ ಮುಟ್ಟುವ ಅಭ್ಯಾಸ ಬಿಡಿಸಲು ನಾನೊಂದು ಉಪಾಯ ಮಾಡಿದೆ. ಇನ್ನು ಏನು ತೆಗೆದುಕೊಂಡರೂ ಎರಡೂ ಕೈಯಲ್ಲಿ ಎಂದೆ. ಹಾಸ್ಟೆಲಿನ ತಟ್ಟೆ, ಪುಸ್ತಕ, ಪೆನ್ನು, ಎಲ್ಲವೂ. ಹುಡುಗಿ ಎಷ್ಟು ಶ್ರದ್ಧೆಯವಳೆಂದರೆ ಊರಿಗೆ ಹೋಗುವ ಬಸ್ಸಿನಲ್ಲಿಯೂ ಬಿಡಲಿಲ್ಲ. ಟಿಕೆಟಿಗೆ ಎರಡೂ ಕೈ ಚಾಚಿದಳು, ಅದೇ ಹೊತ್ತಿಗೆ ಬಸ್ಸು ತಿರುವಿನಲ್ಲಿ ತಿರುಗಿತು, ಇವಳು ಹೋಗಿ ಒಬ್ಬರ ಮೀನಿನ ಬುಟ್ಟಿಯ ಮೇಲೆ ಕೂತಳು.

ಕಂಡಕ್ಟರ್ ಕೈಹಿಡಿದು ಎಬ್ಬಿಸಿ ಸಮಾಧಾನದಲ್ಲಿ ಹೇಳಿದನಂತೆ: "ತಂಗೀ, ಇದು ಪ್ರಸಾದ ಅಲ್ಲ, ಟಿಕೆಟ್. ಕಂಬಿ ಹಿಡಿದುಕೊಳ್ಳಿ."

೪. ನೂರು ಮೀಟರ್

ಅವಳು ಆಯ್ಕೆಯಾದಳು. ಅಂತಾರಾಷ್ಟ್ರೀಯ ಸ್ಪರ್ಧೆ, ಮಹಿಳೆಯರ ನೂರು ಮೀಟರ್ ಬ್ರೆಸ್ಟ್‌ಸ್ಟ್ರೋಕ್. ಜೊತೆಗೆ ಹೋದದ್ದು ತಂಡದ ಕೋಚ್. ನನಗೆ ಹೋಗಬೇಕೆಂದು ಆಸೆ ಇರಲಿಲ್ಲ ಎಂದು ಎಲ್ಲರಿಗೂ ಹೇಳಿದೆ. ಸುಳ್ಳು. ಆ ನೀರಿನ ವಾಸನೆ ಹೇಗಿರಬಹುದು ಎಂದು ಯೋಚಿಸುತ್ತಾ ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ, ಚಹಾದ ಲೋಟಕ್ಕೆ ಫೋನ್ ಒರಗಿಸಿ, ಅವಳ ಅಮ್ಮನೂ ನಾನೂ ಕೂತೆವು. ಎಂಟು ದೇಶದ ಹುಡುಗಿಯರು ಹಾರಿದರು. ಮೊದಲ ಐವತ್ತರ ತಿರುವಿನಲ್ಲಿ ಎರಡೂ ಕೈ ತಾಗಿತು. ಕೊನೆಯ ಗೋಡೆ ಹತ್ತಿರ ಬಂತು. ನನಗೆ ತಡೆಯಲಾಗಲಿಲ್ಲ, ಅವಳ ಬದಲು ನಾನೇ ಎರಡೂ ಅಂಗೈ ಮೇಜಿಗೆ ಬಡಿದೆ. ಲೋಟ ಮಗುಚಿತು, ಫೋನ್ ಚಹಾದಲ್ಲಿ ಬೋರಲು ಬಿತ್ತು.

ಅಮ್ಮ ಅದನ್ನು ಸೆರಗಿನಲ್ಲಿ ಒರೆಸಿ ಎತ್ತಿದಾಗ ಪಟ್ಟಿ ಬಂದಿತ್ತು. ಏಳನೆಯ ಸ್ಥಾನ. ಅನರ್ಹ ಎಂದು ಇರಲಿಲ್ಲ! ನಾನು ಗೊಳೋ ಎಂದು ಅತ್ತೆ.

"ಏಳನೆಯದಕ್ಕೆ ಇಷ್ಟು ಅಳುವುದಾ ಟೀಚರ್," ಎಂದರು ಅಮ್ಮ. "ಮೊದಲು ಬಂದಿದ್ದರೆ ನಿಮ್ಮನ್ನು ಆಸ್ಪತ್ರೆಗೆ ಸೇರಿಸಬೇಕಿತ್ತು."

೫. ಸೀಟಿ

ಊರಿಗೆ ಬಂದವಳು ಸೀದಾ ಕೊಳಕ್ಕೆ ಬಂದು ನನ್ನ ಕುತ್ತಿಗೆಯ ಸೀಟಿ ತೆಗೆದು ತಾನೇ ಹಾಕಿಕೊಂಡಳು. ಟೀಚರ್ ಒಮ್ಮೆ ಈಜಬೇಕಂತೆ, ತಾನು ರೆಫ್ರಿಯಂತೆ. ಈ ವಯಸ್ಸಿನಲ್ಲಿ ಎಂತ ಹುಡುಗಾಟ ಎಂದು ಬೈದೆ. ಬೈಯುತ್ತಲೇ ನೀರಿಗೆ ಇಳಿದೆ.

ಉಸಿರು ಸಿಗಲಿಲ್ಲ, ಮಂಡಿ ನೋಯಿತು, ಆದರೂ ಬಿಡಲಿಲ್ಲ. ಅರ್ಧ ದಾರಿಯಲ್ಲಿ ನನಗೆ ಇಪ್ಪತ್ತು ವರ್ಷ. ಅಕ್ಕಪಕ್ಕ ಏಳು ದೇಶದ ಹುಡುಗಿಯರು. ಎಲ್ಲರಿಗಿಂತ ಮುಂದೆ ನಾನು. ಗೋಡೆ ಬಂತು, ಮುಟ್ಟಿದೆ, ಕಣ್ಣು ತುಂಬಿತು.

ಜೋರಾಗಿ ಸೀಟಿ ಕೇಳಿತು. ತಲೆ ಎತ್ತಿ ನೋಡಿದರೆ ಹುಡುಗಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾಳೆ.

"ಎಡಗೈ ಎಲ್ಲಿತ್ತು ಟೀಚರ್?"

ನೋಡಿಕೊಂಡೆ. ಬಲಗೈ ಇನ್ನೂ ಕಣ್ಣಿನ ಮೇಲೆಯೇ ಇತ್ತು.

"ಅನರ್ಹ," ಎಂದಳು. ಆಮೇಲೆ, ಅಂದು ಆಯ್ಕೆಯ ದಿನ ನನಗೆ ಯಾರೂ ಹೇಳದ ಮಾತು ಹೇಳಿದಳು: "ಇನ್ನೊಮ್ಮೆ ಬನ್ನಿ."