ಕಾಲಿಗೆ ನೀರು

ಎಲ್ಲಕ್ಕೂ ಕಾರಣ ಒಂದು ನೀಲಿ ಟಬ್ಬು.

ಅಜ್ಜಿ ಕತೆಯ ರಾಕ್ಷಸನ ಪ್ರಾಣ ಗಿಣಿಯಲ್ಲಿದ್ದ ಹಾಗೆ, ಸಿಂಧಘಟ್ಟದ ಚಲುವಯ್ಯನ ಪ್ರಾಣ ಅವನ ಹಸು ಗೆಜ್ಜೆಯ ಹೊಟ್ಟೆಯಲ್ಲಿತ್ತು. ಎರಡು ಸಲ ದಿನ ತುಂಬದೆ ಕಂದು ಹಾಕಿದ್ದ ಗೆಜ್ಜೆ ಈಗ ತುಂಬು ಗಬ್ಬ. ಇವತ್ತೋ ನಾಳೆಯೋ ಕರು ಹಾಕುವುದರಲ್ಲಿತ್ತು. ಅಂಥ ಹೊತ್ತಿನಲ್ಲೇ ಹಿಂದಿನ ಬೀದಿಯ ಜಯಲಕ್ಷ್ಮಮ್ಮ ಸಂತೆಯಿಂದ ತಂದ ಹೊಸ ಹಸು ಭೇದಿ ಹತ್ತಿ ಮಲಗಿತು.

"ಸಾಲ್ಮೊನೆಲ್ಲಾ ರೋಗ ಇದ್ದಂಗಿದೆ," ಎಂದರು ದನದ ಡಾಕ್ಟರು ರಘುನಂದನ್. "ಸಗಣಿ ಮೆತ್ತಿದ ಕಾಲಲ್ಲೇ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋಗುತ್ತೆ. ಗಬ್ಬದ ಹಸುಗೆ ತಗುಲಿದ್ರೆ ಕರು ಉಳಿಯೋದು ಕಷ್ಟ. ಬಾಗ್ಲಲ್ಲಿ ಈ ಔಷಧಿ ನೀರಿಡಿ ಚಲುವಯ್ಯನೋರೆ. ಕಾಲು ಅದ್ದದೆ ಯಾರನ್ನೂ ಒಳಗೆ ಬಿಡ್ಬೇಡಿ."

ಮನೆಗೂ ಕೊಟ್ಟಿಗೆಗೂ ಇದ್ದದ್ದು ಒಂದೇ ಬಾಗಿಲು. ಚಲುವಯ್ಯ ಅಲ್ಲಿ ಔಷಧಿ ನೀರಿನ ನೀಲಿ ಟಬ್ಬು ಇಟ್ಟ.

ಗುದ್ದಲಿ ಕೇಳಲು ಬಂದ ಶಿವಲಿಂಗಯ್ಯ ದೊಡ್ಡಪ್ಪ ಟಬ್ಬು ನೋಡಿ ಕಣ್ಣು ಒರೆಸಿಕೊಂಡರು. "ನಿಮ್ಮಪ್ಪ ತೀರ್ಕಂಡ್ಮೇಲೆ ಈ ಮನೇಲಿ ಕಾಲಿಗೆ ನೀರು ಕೊಟ್ಟೋರೇ ಇರ್ನಿಲ್ಲ ಕಣ್ಲಾ."

ಎರಡೂ ಕಾಲು ಅದ್ದಿ, ಒಳಗೆ ಬಂದು, ಚಾಪೆ ಹಾಸಿಕೊಂಡು ಕೂತೇಬಿಟ್ಟರು. ಕಾಲಿಗೆ ನೀರು ಕೊಟ್ಟಮೇಲೆ ಕಾಫಿ ಕೊಡದೆ ಕಳಿಸುವುದುಂಟೆ?

ಅರ್ಧ ಗಂಟೆಯಲ್ಲಿ ಸುದ್ದಿ ಬೀದಿಗೆಲ್ಲ ಹಬ್ಬಿತು. ಪಕ್ಕದ ಮನೆಯ ತಿಮ್ಮರಾಜು ಸಂಸಾರ ಸಮೇತ ಬಂದ.

"ಇದು ರೋಗಕ್ಕೆ ಇಟ್ಟಿರ ಔಷಧಿ ನೀರು ಕಣ್ಲಾ," ಎಂದ ಚಲುವಯ್ಯ.

"ಅಂಗಾರೆ ತಡಿ, ನಮ್ಮ ಮಾವನ್ನೂ ಕರ್ಕಬತ್ತೀನಿ. ಅವ್ರಿಗೆ ಮಂಡಿನೋವು."

ಒಲೆ ಮುಂದಿನಿಂದ ಹೆಂಡತಿ ಪುಟ್ಟತಾಯಿ ಕೂಗಿದಳು. "ಆಲು ಮುಗೀತು. ಇನ್ನೂ ಏಳು ಲೋಟ ಬೇಕು."

ಗೆಜ್ಜೆ ಹಾಲು ಬತ್ತಿಸಿಕೊಂಡಿತ್ತು. ಕೇಳಿದಾಗ ಕರೆಯುವ ಎಮ್ಮೆ ಊರಲ್ಲಿ ಇದ್ದದ್ದು ಜಯಲಕ್ಷ್ಮಮ್ಮ ಒಬ್ಬರ ಮನೆಯಲ್ಲೇ. ಚಲುವಯ್ಯ ಚೊಂಬು ಹಿಡಿದು ಓಡಿದ.

"ಎಮ್ಮೆ ಕರಿಯೋಗಂಟ ಈ ಅಸೀನ ಅಗ್ಗ ಇಡ್ಕಳಪ್ಪ. ಪಾಪ, ನಿತ್ಕಳಕಾಯ್ತಿಲ್ಲ," ಎಂದರು ಆಕೆ. ಪಾಪದ ಹಸು ಸಗಣಿ ಮೆತ್ತಿದ ಬಾಲದಲ್ಲಿ ಚಲುವಯ್ಯನ ಪಂಚೆಯನ್ನು ಸುಣ್ಣ ಬಳಿದ ಹಾಗೆ ಬಳಿಯಿತು.

ವಾಪಸ್ಸು ಬಂದರೆ ಟಬ್ಬಿನಲ್ಲಿ ಎಂಟು ಕಾಲು. ಅವನ ಕಾಲಿಗೆ ಜಾಗವಿಲ್ಲ.

"ವಸಿ ಜಾಗ ಬುಡ್ರಪ್ಪ."

"ನಿಂದೇ ಮನೆ, ನಿಂಗ್ಯಾಕ್ಲಾ ಉಪಚಾರ?" ಎಂದರು ಶಿವಲಿಂಗಯ್ಯ.

ಹಾಲು ಚೆಲ್ಲದಂತೆ ಟಬ್ಬು ಹಾರಿ, ಚೊಂಬನ್ನು ಹೆಂಡತಿಗೆ ಕೊಟ್ಟು ಮತ್ತೆ ಓಡಿದ. ಹೀಗೆ ಮೂರು ಸಲ.

ಮೂರನೇ ಸಲ ಬರುವಾಗ ಗೆಜ್ಜೆ ನೋವಿನಿಂದ ಕೂಗಿತು. ಡಾಕ್ಟರೂ ಬಂದಿದ್ದರು.

"ಎಲ್ರೂ ಕಾಲು ಅದ್ದಿದ್ದೀರಾ?"

ಇಡೀ ಬೀದಿ ಒಂದೊಂದು ಕಾಲೆತ್ತಿ ತೋರಿಸಿತು. ಡಾಕ್ಟರ ಮುಖ ಅರಳಿತು. ಆಮೇಲೆ ಅವರ ಕಣ್ಣು ಬಾಗಿಲ ಕಡೆ ಹೊರಳಿ, ಚಲುವಯ್ಯನ ಪಂಚೆಯ ಮೇಲೆ ನಿಂತಿತು.

"ಎಲ್ಲಿಂದ ಬಂದ್ರಿ?"

"ಜಯಲಕ್ಷ್ಮಮ್ಮನೋರ ಕೊಟ್ಟಿಗೆಯಿಂದ ಸಾ. ಕಾಫಿಗೆ ಆಲು."

"ಗೆಜ್ಜೆ ಹತ್ರ ಹೋಗಿದ್ರಾ?"

"ಪುರುಸೊತ್ತೆಲ್ಲಿ ಸಾ?"

"ಸದ್ಯ, ಬದುಕ್ತು," ಎಂದು ಡಾಕ್ಟರು ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿದರು. "ನಾನು ಹೇಳೋಗಂಟ ನೀವು ಇದನ್ನ ದಾಟೋ ಹಂಗಿಲ್ಲ."

ಒಳಗೆ ಬೀದಿಯವರೆಲ್ಲ ಸೇರಿದರು. ಮಂಡಿನೋವಿನ ಮಾವನೇ ಮುಂದೆ ನಿಂತು ಕರು ಎಳೆದರಂತೆ.

"ಎಣ್ಣೋ, ಗಂಡೋ?" ಎಂದು ಚಲುವಯ್ಯ ಬೀದಿಯಿಂದ ಕೂಗಿಯೇ ಕೂಗಿದ. ಯಾರಿಗೂ ಕೇಳಿಸಲಿಲ್ಲ.

ಕೊನೆಗೆ ಪುಟ್ಟತಾಯಿ ಬಂದು, ಹಗ್ಗದಡಿ ಲೋಟ ಇಟ್ಟು, ಪೊರಕೆ ಕಡ್ಡಿಯಲ್ಲಿ ಅವನತ್ತ ತಳ್ಳಿದಳು. "ಎಣ್ಗರು. ಚೆಂದಾಗದೆ. ಆಲು ಮುಗ್ದೋಯ್ತು, ಕರೀ ಕಾಫಿ ಕುಡಿ."

ಒಳಗಿನಿಂದ ಶಿವಲಿಂಗಯ್ಯನ ದನಿ ಬಂತು. "ಮನೆ ಅಂದ್ರೆ ಇಂಗಿರ್ಬೇಕು ಕಣ್ಲಾ ಚಲುವ. ಎಲ್ರೂ ನಾಳೀಕೂ ಬತ್ತೀವಿ."